ಒಂದು ಹುದ್ದೆ ಹೆಚ್ಚುವರಿ

ಜೂನ್ 10, ಸೋಮವಾರ

ಇದು ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿ. ಜನವರಿಯಿಂದ ಹಾಗೇ ಬಿದ್ದಿತ್ತು. "ಮಮ್ಮಿ, ದಿನಾ ಸಂಜಿಕೆ ಗ್ವಾಡಿ ನೋಡಕೋತ ಕುಂದ್ರತಿ. ಅದರ ಬದಲಿ ಇದರಾಗ ಏನರೆ ಬರಿ," ಎಂದು ಮಗಳು ಪರಿಮಳಾ ಕೈಗೆ ತುರುಕಿದಳು. ಹತ್ತನೇ ತರಗತಿಗೆ ಕಾಲಿಟ್ಟ ಕೂಡಲೇ ತಾಯಿಗೆ ಬುದ್ಧಿ ಹೇಳುವ ಅಧಿಕಾರ ಬಂದುಬಿಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬರೆಯಲು ಏನಿದೆ? ಗಂಡ ರಾಮಲಿಂಗ ತೀರಿಕೊಂಡು ಬರುವ ತಿಂಗಳಿಗೆ ಎರಡು ವರ್ಷ. ಅವರು ದುಡಿಯುತ್ತಿದ್ದ ಇಲಾಖೆಯವರೇ ಅನುಕಂಪದ ಮೇಲೆ ನನಗೊಂದು ಗುಮಾಸ್ತೆಯ ನೌಕರಿ ಕೊಟ್ಟರು. ಶಹಾಪುರದ ಮನೆಯಿಂದ ಭೀಮರಾಯನಗುಡಿಯ ಕಾಲುವೆ ಕಚೇರಿಗೆ ಬಸ್ಸಿನಲ್ಲಿ ಹೋಗುತ್ತೇನೆ, ಬರುತ್ತೇನೆ. ಮನೆಯಲ್ಲಿ ಮಗಳು ಮತ್ತು ಅತ್ತೆ ಅಮೃತಮ್ಮ. ನನ್ನ ಹೆಸರು ಸೌಭಾಗ್ಯ. ಹೆಸರು ಕೇಳಿದವರು ನನ್ನ ಬರಿಗೊರಳು ನೋಡಿ ಮಾತು ಬದಲಿಸುತ್ತಾರೆ. ಮೊದಮೊದಲು ಅಳು ಬರುತ್ತಿತ್ತು, ಈಗ ಸಿಟ್ಟು ಬರುತ್ತದೆ.

ಇವತ್ತಿನ ಸುದ್ದಿ ಹೊಸ ಸಾಹೇಬರದು. ಮಹೇಶಕುಮಾರ ಅಂತ, ಮೈಸೂರು ಕಡೆಯವರು. ಬಾಗಿಲಲ್ಲೇ ನಿಂತು, "ಇದೇನ್ರೀ ಇದು, ಆಫೀಸೋ ಗೋಡೌನೋ?" ಅಂದರು. ಅವರದೇನೂ ತಪ್ಪಿಲ್ಲ. ನಮ್ಮಲ್ಲಿ ಕಿಟಕಿಗೆ ಅಲಮಾರಿ ಅಡ್ಡ, ಅಲಮಾರಿಗೆ ಟೇಬಲ್ ಅಡ್ಡ, ಟೇಬಲ್ಲಿಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತಗಳ ಬಸ್ತಾ ಅಡ್ಡ. ರೈತನೊಬ್ಬ ತನ್ನ ಅರ್ಜಿ ಕೇಳಿದರೆ ಇಬ್ಬರು ಬ್ಯಾಟರಿ ಹಿಡಿದು ಹಿಂದಿನ ಕತ್ತಲೆ ಕೋಣೆಗೆ ಇಳಿಯಬೇಕು. ಇಡೀ ಕಚೇರಿಯನ್ನು ಹೊಸದಾಗಿ ಜೋಡಿಸುವ ಕೆಲಸವನ್ನು ಸಾಹೇಬರು ನನಗೂ ವಿಶ್ವರಾಧ್ಯ ಅವರಿಗೂ ಹಚ್ಚಿದರು. ನಾನು ಎಲ್ಲರಿಗಿಂತ ಹೊಸಬಳು, ಅವರು ಎಲ್ಲರಿಗಿಂತ ಸುಮ್ಮನಿರುವವರು. ಇಬ್ಬರೂ ಒಲ್ಲೆ ಅನ್ನುವುದಿಲ್ಲ ಅಂತ ಲೆಕ್ಕ.

ಮೇಲ್ವಿಚಾರಕ ಮುಜಫರ ಅವರು ಚಹಾ ಹೀರುತ್ತ, "ಹೊಸಾ ಅಗಸ ಗೋಣಿ ಎತ್ತೆತ್ತಿ ಒಗಿತಾನ. ನಾಕ ದಿನ ಸಬರ್ ಮಾಡ್ರಿ, ತಾನs ಸುಮ್ಮನಾಗ್ತಾರ," ಅಂದರು. ನನಗೆ ಯಾವುದಾದರೂ ಒಂದೇ. ಕೂತು ಸಾಯುವುದೂ ಅಷ್ಟೇ, ಧೂಳು ಹೊಡೆಯುವುದೂ ಅಷ್ಟೇ.

ಜೂನ್ 13, ಗುರುವಾರ

ವಿಶ್ವರಾಧ್ಯ ಅವರ ಜೊತೆ ಮೊದಲ ದಿನವೇ ಜಗಳ. ಹಳ್ಳಿಗಳ ಹೆಸರಿನ ಅ, ಆ, ಇ, ಈ ಕ್ರಮದಲ್ಲಿ ಕಡತ ಜೋಡಿಸೋಣ ಎಂದೆ. ಸಣ್ಣ ಮಕ್ಕಳಿಗೂ ತಿಳಿಯುತ್ತದೆ. ಅವರು ಒಪ್ಪಲಿಲ್ಲ.

"ಹಂಗ ಬ್ಯಾಡ್ರಿ ಅಕ್ಕಾರ. ನೀರು ಹ್ಯಾಂಗ ಹರಿತದೋ ಹಂಗ ಇಡೂಣು. ಕಾಲುವಿ ಬಾಯಿಗೆ ಇದ್ದ ಊರು ಮೊದಲ, ಕಡೀಕ ಇದ್ದ ಊರು ಕಡೀಕ. ರೈತ ಬಂದು ಮ್ಯಾಲಿನ ಊರವರು ನಮ್ಮ ನೀರು ಕಟ್ಟ್ಯಾರ ಅಂತ ತಕರಾರು ಮಾಡಿದ್ರ, ಎರಡೂ ಊರಿನ ಕಡತ ಬಾಜೂಕs ಸಿಗ್ತಾವ."

ಅದು ಸರಿ ಅನಿಸಿತು. ಸರಿ ಅನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. "ಎಷ್ಟು ವರ್ಷ ಆತ್ರಿ ನೀವು ಇಲ್ಲಿ ಬಂದು? ಇಷ್ಟು ಗೊತ್ತಿದ್ದು ಮೊದಲs ಯಾಕ ಮಾಡಲಿಲ್ಲ?" ಎಂದೆ. "ಜೋಡಿ ಯಾರೂ ಇರಲಿಲ್ರಿ," ಅಂದರು. ವಯಸ್ಸು ನಲವತ್ತೈದರ ಮೇಲೆ, ಮದುವೆ ಆಗಿಲ್ಲ. ತಮ್ಮಂದಿರ ಮದುವೆ ಮಾಡುತ್ತ ಮಾಡುತ್ತ ತಮ್ಮದೇ ಮರೆತುಹೋಯಿತಂತೆ. ಇದನ್ನು ಹೇಳಿದವಳು ಜವಾನಿ ಹಂಪಮ್ಮ. ಊರಿನ ಸುದ್ದಿಯೆಲ್ಲ ಮೊದಲು ಅವಳ ಕಿವಿಗೆ ಬಿದ್ದು ಆಮೇಲೆ ಊರಿಗೆ ಹೋಗುತ್ತದೆ.

ಜೂನ್ 24, ಸೋಮವಾರ

ಕಿಟಕಿಗೆ ಅಡ್ಡವಿದ್ದ ದೊಡ್ಡ ಅಲಮಾರಿಯನ್ನು ಇವತ್ತು ಎಳೆದೆವು. ಹಿಂದೆ ಇಲಿಯ ಸಂಸಾರ, ಯಾರದೋ ಹಳೆಯ ಚಪ್ಪಲಿ, ಮುದುಡಿದ ಕ್ಯಾಲೆಂಡರು. ಕಿಟಕಿ ತೆಗೆದ ಕೂಡಲೇ ಬೇವಿನ ಮರದ ಗಾಳಿ ಒಳಗೆ ಬಂತು. ಮುಜಫರ ಅವರ ಮುಂದಿದ್ದ ಕಾಗದಗಳೆಲ್ಲ ಹಾರಿದವು. "ಅರೆ, ಆಫೀಸಿನಾಗ ಗಾಳಿ!" ಅಂತ ಅವರು ಹಿಡಿಯಲು ಓಡಿದರು. ಹಂಪಮ್ಮ ನಕ್ಕು ನಕ್ಕು ಸೆರಗು ಬಾಯಿಗೆ ಇಟ್ಟುಕೊಂಡಳು. ನಾನೂ ನಕ್ಕೆ. ನನ್ನ ದನಿ ನನಗೇ ಹೊಸದೆನಿಸಿ ಬಾಯಿ ಮುಚ್ಚಿಕೊಂಡೆ.

ವಿಶ್ವರಾಧ್ಯ ನಗಲಿಲ್ಲ. ನನ್ನ ಕಡೆ ನೋಡಿ, ಮತ್ತೆ ಬಸ್ತಾ ಬಿಚ್ಚಲು ಕೂತರು.

ಜುಲೈ 5, ಶುಕ್ರವಾರ

ಇವತ್ತು ನನ್ನ ಗಂಡ ಹೋದ ದಿನ. ಇವತ್ತಿಗೂ ನಾಳೆಗೂ ರಜೆ ಹಾಕಿದ್ದೆ. ಜಂಗಮರು ಬಂದು ಪೂಜೆ ಮಾಡಿ ಉಂಡು ಹೋದರು. ಫೋಟೊ ಮುಂದೆ ಅತ್ತೆ ಹೋಳಿಗೆಯ ಎಡೆ ಇಟ್ಟರು. ಮಗನಿಗೆ ಹೋಳಿಗೆಯ ಮೇಲೆ ತುಪ್ಪ ಜಾಸ್ತಿ ಬೇಕಿತ್ತು ಅಂತ ಇನ್ನಷ್ಟು ಸುರಿದರು. ಅದನ್ನು ನೋಡಲಾಗದೆ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಿದೆ.

ರಾಮಲಿಂಗ ನನ್ನನ್ನು ಚೆನ್ನಾಗಿ ನೋಡಿಕೊಂಡರು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಜುಲೈ 8, ಸೋಮವಾರ

ಕಚೇರಿಗೆ ಹೋದರೆ ಗುರುವಾರ ಬಿಟ್ಟ ಕೆಲಸ ಹಾಗೇ ಇತ್ತು. ವಿಶ್ವರಾಧ್ಯ ಎರಡೂ ದಿನ ಅಲಮಾರಿ ಮುಟ್ಟಿಲ್ಲ. "ಯಾಕ್ರಿ ಸರ್ರ?" ಎಂದೆ. "ನೀವು ಇಲ್ಲದ ಒಬ್ಬನs ಇಟ್ಟರ, ಆಮ್ಯಾಗ ನೀವು ಬಂದು ಎಲ್ಲಾ ತಗದು ಮತ್ತ ಇಡ್ತೀರಿ," ಅಂದರು. ನಾನು ಅಂಥ ಗಯ್ಯಾಳಿ ಅಂತ ಹೆಸರು ಮಾಡಿದ್ದೇನೆ ಅನ್ನಿ.

ಜುಲೈ 18, ಗುರುವಾರ

ಖಾನೆಗಳ ಜಗಳ. ಕಾಲುವೆಯ ಕ್ರಮದಲ್ಲೇ ಇಟ್ಟರೆ ಕೊನೆಯ ಊರುಗಳೆಲ್ಲ ಎಲ್ಲಕ್ಕಿಂತ ಕೆಳಗಿನ ಖಾನೆಗೆ ಬರುತ್ತವೆ. ಕೂತು, ಬಗ್ಗಿ, ಧೂಳು ಕುಡಿದು ತೆಗೆಯಬೇಕು. ನನ್ನ ತವರೂರು ವಡಗೇರಾ ಕಡೆ, ಕಾಲುವೆಯ ಕಟ್ಟಕಡೆಗೆ. ನಮ್ಮಪ್ಪ ನೀರಿಗಾಗಿ ಈ ಕಚೇರಿಗೇ ಎಷ್ಟೋ ಸಲ ಬಂದು ಬರಿಗೈಲಿ ಹೋಗಿದ್ದಾನೆ.

"ನೀರು ತಡಾ ಮಾಡಿ ಬರೂ ಊರಿಗೆ ಕಡತರೆ ಲಗೂನ ಸಿಗ್ಲಿ. ಕಡೀ ಊರು ಕೈಗೆ ಎಟಕೂ ಹಂಗ ನಡುವಿನ ಖಾನೇದಾಗ ಇಡ್ರಿ. ಮ್ಯಾಲಿನ ಊರವರು ನೀರು ಕುಡದು ಗಟ್ಟಿ ಆಗ್ಯಾರ, ಅವರ ಕಡತ ತಳಾಕ ಇರಲಿ," ಎಂದೆ.

ವಿಶ್ವರಾಧ್ಯ ನಕ್ಕರು. ಅವರು ಶಬ್ದ ಮಾಡಿ ನಕ್ಕದ್ದನ್ನು ಇದೇ ಮೊದಲು ಕೇಳಿದ್ದು. "ಆತು, ನಿಮ್ಮ ಕಾಲುವಿ ಕಡಿಯಿಂದs ಹರೀಲಿ," ಅಂದು ಹಾಗೇ ಇಟ್ಟರು.

ಮನೆಗೆ ಬಂದಾಗ ಡಬ್ಬಿ ತೊಳೆಯುತ್ತ ಅತ್ತೆ, "ಈಗೀಗ ಎರಡು ರೊಟ್ಟಿ ಜಾಸ್ತಿ ಕಟಗೊಂಡು ಹೊಂಟೀದಿ," ಅಂದರು. ಆ ಮನುಷ್ಯ ದಿನಾ ಕ್ಯಾಂಟೀನಿನ ಒಣ ಬನ್ನು ತಿನ್ನುತ್ತಾರೆ, ಎದುರಿಗೆ ಕೂತು ಒಬ್ಬಳೇ ರೊಟ್ಟಿ ಪುಂಡಿಪಲ್ಯ ಉಣ್ಣಲು ಸಂಕೋಚ ಎಂದೆ. ಅತ್ತೆ ಮತ್ತೇನೂ ಕೇಳಲಿಲ್ಲ. ಕೇಳಲು ಏನೂ ಇಲ್ಲ.

ಆಗಸ್ಟ್ 3, ಶನಿವಾರ

ಟೇಬಲ್‌ಗಳು ಇಷ್ಟು ದಿನ ಶಾಲೆಯ ಬೆಂಚಿನಂತೆ ಒಂದರ ಹಿಂದೆ ಒಂದಿದ್ದವು. ಈಗ ನನ್ನ ಮತ್ತು ವಿಶ್ವರಾಧ್ಯ ಅವರ ಟೇಬಲ್ ಎದುರುಬದುರು ಹಾಕಿ, ನಡುವೆ ಪ್ರಿಂಟರ್ ಇಟ್ಟೆವು. ಕಡತದ ಅಲಮಾರಿ ಇಬ್ಬರಿಗೂ ಕೈಗೆ ಸಿಗುವಂತೆ ಪಕ್ಕದಲ್ಲಿ. ಬಂದ ಜನ ನಿಲ್ಲಲು ಬಾಗಿಲ ಹತ್ತಿರ ಜಾಗ, ಕೂರಲು ಒಂದು ಬೆಂಚು. ಎದ್ದು ಓಡಾಡುವುದೇ ಇಲ್ಲ. ತಲೆ ಎತ್ತಿದರೆ ಅವರ ಮುಖ ಕಾಣುತ್ತದೆ. ಕೆಲಸ ಕೇಳಲು ಅನುಕೂಲ.

ಒಂದು ವಿಚಿತ್ರ. ಅವರು ಈಗ ನನ್ನನ್ನು "ಅಕ್ಕಾರ" ಅನ್ನುವುದಿಲ್ಲ. "ಸೌಭಾಗ್ಯ ಅವರ, ಆ ಕಡತ ಇತ್ತ ಕೊಡ್ರಿ," ಅನ್ನುತ್ತಾರೆ. ಹೆಸರಿನ ಪೂರ್ತಿ ಅಕ್ಷರ ಸಾವಕಾಶವಾಗಿ ಅನ್ನುತ್ತಾರೆ. ಇಡೀ ಕಚೇರಿ ಅಕ್ಕಾರ ಅನ್ನುವಾಗ ಇವರಿಗೇನು ಬಂತು? ಸೋಮವಾರ ಕೇಳಬೇಕು.

ಆಗಸ್ಟ್ 5, ಸೋಮವಾರ

ಕೇಳಲಿಲ್ಲ. ಶ್ರಾವಣದ ಮೊದಲ ದಿನ, ಸುಮ್ಮನೆ ಯಾಕೆ ಒಬ್ಬರ ಮನಸ್ಸು ನೋಯಿಸುವುದು.

ಆಗಸ್ಟ್ 14, ಬುಧವಾರ

ಇವತ್ತಿನ ದಿನ ಬರೆದಿಡಬೇಕು. ನಮ್ಮ ವಡಗೇರಾ ಕಡೆಯ ಒಬ್ಬ ಮುದುಕ ಬಂದ, ಸಂಗಣ್ಣ ಅಂತ. ಹೊಲಗಾಲುವೆಯ ಅರ್ಜಿ ಏನಾಯಿತು ಎಂದು ಕೇಳಿದ. ಕೇಳಿ, ವಾಡಿಕೆಯಂತೆ ಬೇವಿನ ಮರದ ಕೆಳಗೆ ಮಲಗಲು ಟವೆಲು ಹಾಸಿದ. ಹಂಪಮ್ಮ ಚಹಾ ಒಲೆಗೆ ಇಟ್ಟಿದ್ದಳು. ಅದು ಕುದಿಯುವುದರೊಳಗೆ ನಾನು ಕಡತ ತೆಗೆದೆ, ವಿಶ್ವರಾಧ್ಯ ಅರ್ಜಿಗೆ ಉತ್ತರವಾಗಿ ಹಿಂಬರಹ ಹೊಡೆದರು, ಸಾಹೇಬರು ಸಹಿ ಮಾಡಿದರು. ಮುದುಕ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಇಷ್ಟು ಲಗೂ ಕೊಟ್ರ ಇದು ಖರೇ ಕಾಗದ ಹೌದಲ್ಲರೀ?" ಅಂದ. ಎಲ್ಲರೂ ನಕ್ಕೆವು. ವಿಶ್ವರಾಧ್ಯ ನನ್ನನ್ನು ನೋಡಿ ನಕ್ಕರು.

ಬಸ್ಸಿನಲ್ಲಿ ಬರುವಾಗ ಶಹಾಪುರದ ಗುಡ್ಡಕ್ಕೆ ಸಂಜೆ ಬಿಸಿಲು ಬಿದ್ದಿತ್ತು. ಎಷ್ಟು ಚೆನ್ನಾಗಿದೆ ಅನಿಸಿತು. ನೌಕರಿ ಸೇರಿದಾಗಿನಿಂದ ಅದೇ ದಾರಿಯಲ್ಲಿ ಓಡಾಡುತ್ತಿದ್ದೇನೆ.

ಸೆಪ್ಟೆಂಬರ್ 2, ಸೋಮವಾರ

ಸಾಹೇಬರಿಗೆ ಖುಷಿಯೋ ಖುಷಿ. ಮೇಲಿನ ಕಚೇರಿಯವರು ಬಂದು ನೋಡಿ ಹೋದರು. "ಎಷ್ಟು ಶ್ರಮ ಉಳೀತು ಅಂತ ನೀವಿಬ್ಬರೇ ಒಂದು ಟಿಪ್ಪಣಿ ಬರೆದುಕೊಡಿ, ನಿಮ್ಮ ಹೆಸರು ಹಾಕಿಯೇ ಕಳಿಸ್ತೀನಿ," ಅಂದರು.

ವಿಶ್ವರಾಧ್ಯ ಬರೆದ ಟಿಪ್ಪಣಿ ಉಪ್ಪಿಲ್ಲದ ಸಾರು. ಅಲಮಾರಿ ಸರಿಸಲಾಗಿದೆ, ಖಾನೆಗಳಿಗೆ ಚೀಟಿ ಅಂಟಿಸಲಾಗಿದೆ, ಮುಗಿಯಿತು. ಇಂಥ ಮನುಷ್ಯನಿಗೆ ಇಷ್ಟು ವರ್ಷ ಒಂದು ಬಡ್ತಿಯೂ ಸಿಗದಿದ್ದರೆ ಏನಾಶ್ಚರ್ಯ. ನಾನು ಪೆನ್ನು ಕಸಿದುಕೊಂಡು ಕೊನೆಗೊಂದು ಸಾಲು ಸೇರಿಸಿದೆ: "ಮೊದಲು ಇಬ್ಬರು ದಿನವಿಡೀ ಮಾಡುತ್ತಿದ್ದ ಕೆಲಸವನ್ನು ಈಗ ಒಬ್ಬರೇ ಸುಲಭವಾಗಿ ಮಾಡಬಹುದಾಗಿದೆ."

"ಇಷ್ಟು ಬೇಕೇನ್ರಿ?" ಅಂದರು.

"ಬೇಕ್ರಿ. ನೀವು ಏನು ಮಾಡೀರಿ ಅಂತ ಮ್ಯಾಲಿನವರಿಗೆ ಗೊತ್ತಾಗಬ್ಯಾಡೇನು?"

"ನಾವು," ಅಂತ ತಿದ್ದಿದರು. ಸಹಿ ಮಾಡಿದೆವು, ಮೊದಲು ಅವರು, ಕೆಳಗೆ ನಾನು.

ಸೆಪ್ಟೆಂಬರ್ 27, ಶುಕ್ರವಾರ

ಆದೇಶ ಬಂತು. ಮೆಚ್ಚುಗೆ ಮೊದಲ ಸಾಲಿನಲ್ಲಿದೆ. ಎರಡನೆಯ ಸಾಲಿನಲ್ಲಿ, ಸದರಿ ಕಚೇರಿಯ ವರದಿಯಂತೆ ಇಬ್ಬರ ಕೆಲಸವನ್ನು ಒಬ್ಬರೇ ನಿರ್ವಹಿಸಬಹುದಾದ್ದರಿಂದ ಒಂದು ಹುದ್ದೆ ಹೆಚ್ಚುವರಿ. ಕೊನೆಗೆ ಸೇರಿದವರನ್ನು ಸುರಪುರದ ಕಚೇರಿಗೆ ಕಳಿಸತಕ್ಕದ್ದು.

ಕೊನೆಗೆ ಸೇರಿದವಳು ನಾನು. ನನ್ನದೇ ಸಾಲು, ನನ್ನದೇ ಅಕ್ಷರ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ. ಸಾಹೇಬರ ಮುಖ ಸಣ್ಣದಾಗಿತ್ತು. "ಹೀಗಾಗುತ್ತೆ ಅಂತ ನನಗೂ ಗೊತ್ತಿರಲಿಲ್ಲಮ್ಮ," ಅಂದರು. ಮುಜಫರ ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಪರಿಮಳಾಗೆ ಮಾರ್ಚಿನಲ್ಲಿ ಪರೀಕ್ಷೆ. ಅತ್ತೆಗೆ ಸೊಂಟ ನೋವು, ಬೆಳಗ್ಗೆ ಏಳಿಸಿ ಕೂರಿಸಬೇಕು. ಸುರಪುರಕ್ಕೆ ಹೋಗಿ ಬರುವುದೆಂದರೆ ಮನೆಯಲ್ಲಿ ಬೆಳಕಿದ್ದಾಗ ಇರುವುದೇ ಇಲ್ಲ. ಇದೆಲ್ಲ ಚಿಂತೆ ಸರಿ. ಆದರೆ ಬಸ್ಸಿನಲ್ಲಿ ನನಗೆ ಅಳು ಬಂದದ್ದು ಇದನ್ನೆಲ್ಲ ನೆನೆದು ಅಲ್ಲ. ಆ ಟೇಬಲ್ಲನ್ನು ಈಗಷ್ಟೇ ಒಂದು ಜಾಗಕ್ಕೆ ತಂದಿದ್ದೆ. ಅದಕ್ಕೇ ಇರಬೇಕು.

ಸೆಪ್ಟೆಂಬರ್ 30, ಸೋಮವಾರ

ನಾನು ಹೋಗುತ್ತಿಲ್ಲ. ವಿಶ್ವರಾಧ್ಯ ಹೋಗುತ್ತಿದ್ದಾರೆ.

ಶನಿವಾರವೇ ಸಾಹೇಬರ ಮನೆಗೆ ಹೋಗಿ, ಸ್ವಇಚ್ಛೆಯಿಂದ ಸುರಪುರಕ್ಕೆ ಹೋಗುತ್ತೇನೆ ಎಂದು ಬರೆದುಕೊಟ್ಟಿದ್ದಾರೆ. ಹಂಪಮ್ಮ ಹೇಳಿದಾಗ ನಂಬಲಿಲ್ಲ. ಹಿಂದಿನ ಕೋಣೆಗೆ ಹೋದೆ. ಅಲ್ಲಿ ಅವರು ಒಬ್ಬರೇ ಬಸ್ತಾ ಕಟ್ಟುತ್ತಿದ್ದರು.

"ನಿಮಗ ಯಾರ ಹೇಳಿದ್ರು ಹೋಗಂತ? ನಾ ಕೇಳೀನೇನು?" ದನಿ ಎಷ್ಟು ಏರಿತ್ತೆಂದರೆ ಹೊರಗಿನವರಿಗೂ ಕೇಳಿರಬೇಕು.

"ಹುಡುಗಿಗೆ ಪರೀಕ್ಷಾ ಅದ. ನಿಮ್ಮ ಅತ್ತಿಯವರಿಗೂ ಆರಾಮಿಲ್ಲ. ನಂದೇನ್ರಿ, ಒಂದು ಹೊಟ್ಟಿ. ಎಲ್ಲಿ ಬೇಕಾದಲ್ಲಿ ಬನ್ನು ಸಿಗ್ತದ."

"ನನ್ನ ಮ್ಯಾಲ ಕರುಣಾ ತೋರಸಬ್ಯಾಡ್ರಿ. ಅನುಕಂಪದ ನೌಕರಿ ಒಂದು ಸಾಕಾಗ್ಯದ ನನಗ."

ಅವರು ಗಂಟು ಬಿಗಿಯುವುದನ್ನು ನಿಲ್ಲಿಸಿದರು. ಮುಖ ಎತ್ತಲಿಲ್ಲ. "ಕರುಣಾ ಅಲ್ರಿ, ಸೌಭಾಗ್ಯ ಅವರ. ನೀವು ಹೋಗಿ ನಾ ಇಲ್ಲಿ ಉಳದ್ರ, ಆ ಖಾಲಿ ಖುರ್ಚಿ ಎದುರಿಗೆ ಇಟಗೊಂಡು ನನ್ನ ಕಡಿಂದ ಕುಂದ್ರೂದು ಆಗಂಗಿಲ್ಲ. ಅದಕ್ಕs ನಾನs ಹೊಂಟೀನಿ."

ಏನಾದರೂ ಹೇಳಬೇಕಿತ್ತು. ಹೊರಗೆ ಯಾರೋ ಕಡತ ಕೇಳಿದರು, ಬಂದು ತೆಗೆದುಕೊಟ್ಟೆ. ಈ ಮನುಷ್ಯ ತನಗೆ ಆಗದ್ದನ್ನು ನನ್ನ ತಲೆಗೆ ಕಟ್ಟಿ ಹೋಗುತ್ತಿದ್ದಾರೆ, ಅದೂ ಉಪಕಾರ ಅನ್ನುವ ಹೆಸರಿನಲ್ಲಿ! ಸಿಟ್ಟು ಇನ್ನೂ ಇಳಿದಿಲ್ಲ.

ಅಕ್ಟೋಬರ್ 4, ಶುಕ್ರವಾರ

ಬೀಳ್ಕೊಡುಗೆ. ಶಾಲು, ಹಣ್ಣು, ಖಾರಾ ಮಂಡಕ್ಕಿ, ಮಿರ್ಚಿ ಭಜಿ. ಮುಜಫರ ಅವರು ಉರ್ದು ಕವಿತೆಯ ಒಂದು ಶೇರ್ ಹೇಳಲು ಹೋಗಿ ನಡುವೆ ಮರೆತರು. ನನಗೂ ಮಾತಾಡಲು ಹೇಳಿದರು. "ವಿಶ್ವರಾಧ್ಯ ಸರ್ ಅವರಿಂದ ಕಚೇರಿಗೆ ಬಹಳ ಅನುಕೂಲವಾಯಿತು," ಎಂದೆ. ಇದಕ್ಕಿಂತ ಕೆಟ್ಟ ಮಾತು ನನ್ನ ಬಾಯಿಂದ ಈವರೆಗೆ ಬಂದಿಲ್ಲ.

ಬಸ್ಸು ಬಂದಾಗ ಎಲ್ಲರೂ ರಸ್ತೆಯವರೆಗೆ ಹೋದರು. ನಾನು ಟಪಾಲು ಬರೆಯುತ್ತ ಕೂತೆ. ಕಿಟಕಿಯಿಂದ ಬಸ್ಸು ಕಾಣುತ್ತಿತ್ತು. ಆ ಅಲಮಾರಿ ಅಲ್ಲೇ ಇದ್ದಿದ್ದರೆ ಕಾಣುತ್ತಿರಲಿಲ್ಲ.

ಅಕ್ಟೋಬರ್ 11, ಶುಕ್ರವಾರ

ಆಯುಧ ಪೂಜೆ. ಕಂಪ್ಯೂಟರು, ಅಲಮಾರಿ, ಪಂಚಿಂಗ್ ಮಷೀನು, ಎಲ್ಲಕ್ಕೂ ವಿಭೂತಿ ಬಳಿದು ಚೆಂಡು ಹೂವು ಇಟ್ಟೆವು. ಹಂಪಮ್ಮ ಎದುರಿನ ಖಾಲಿ ಟೇಬಲ್ಲಿಗೂ ಹೂವು ಇಟ್ಟು, "ಇರಲಿ ಬಿಡ್ರಿ ಅಕ್ಕಾರ," ಅಂದಳು. ನಾನೇನೂ ಅಂದಿರಲಿಲ್ಲ.

ನವೆಂಬರ್ 18, ಸೋಮವಾರ

ಒಂದು ತಿಂಗಳಿಂದ ಬರೆದಿಲ್ಲ. ಬರೆಯಲು ಏನೂ ಆಗಲಿಲ್ಲ. ಸುರಪುರ ಎಷ್ಟು ದೂರ? ಬಸ್ಸು ಹತ್ತಿ ಕಣ್ಣು ಮುಚ್ಚಿ ತೆಗೆದರೆ ಬರುತ್ತದೆ. ಆದರೆ ನಾನು, ಗಂಡ ಸತ್ತವಳು, ಏನು ಹೇಳಿ ಆ ಬಸ್ಸು ಹತ್ತಲಿ? ಫೋನು ಮಾಡಬಹುದಿತ್ತು. ಮಾಡಿದರೆ ಕಡತದ ಮಾತೇ ಆಡಬೇಕು, ನಮ್ಮಲ್ಲಿ ಯಾವ ಕಡತವೂ ಸಿಗದೆ ಹೋಗುವುದಿಲ್ಲ.

ಇವತ್ತು ಸಾಹೇಬರು ಕರೆದು, "ಸುರಪುರದ ಆಫೀಸನ್ನೂ ನಮ್ಮ ಹಾಗೇ ಜೋಡಿಸಬೇಕಂತೆ. ಎರಡು ದಿನ ನೀವು ಹೋಗಿ ಬನ್ನಿ, ಕೊನೆಗೊಂದು ವರದಿ ಕೊಡಿ," ಅಂದರು. ಹೂಂ ಎಂದೆ. ಮನೆಗೆ ಬಂದು ಕನ್ನಡಿ ಮುಂದೆ ನಿಂತು ನೀಲಿ ಸೀರೆ ಹಿಡಿದು ನೋಡಿದೆ. ಅದನ್ನು ಉಟ್ಟು ಬಹಳ ದಿನವಾಗಿತ್ತು. ಇಸ್ತ್ರಿ ಮಾಡಿಟ್ಟೆ.

ನವೆಂಬರ್ 21, ಗುರುವಾರ

ಎರಡು ದಿನದ್ದೂ ಸೇರಿಸಿ ಬರೆಯುತ್ತೇನೆ.

ಬುಧವಾರ ಬಾಗಿಲಲ್ಲಿ ನಿಂತಾಗಲೇ ಕಣ್ಣಿಗೆ ಬಿದ್ದರು. ಇಡೀ ಕಚೇರಿಯಲ್ಲಿ ಅತಿ ಕೆಟ್ಟ ಜಾಗ ಅವರದು, ನೀರಿನ ಡ್ರಮ್ಮಿನ ಪಕ್ಕ, ಬಸ್ತಾಗಳ ಸಂದಿಯಲ್ಲಿ. ಬಡವಾಗಿದ್ದಾರೆ. ನನ್ನನ್ನು ನೋಡಿ ಎದ್ದು ನಿಂತರು, ಕೂತರು, ಮತ್ತೆ ಎದ್ದರು. "ಬರ್ರಿ," ಅಂದರು. ಅಷ್ಟೇ.

ಕಚೇರಿ ನಮ್ಮ ಹಳೆಯ ಕಚೇರಿಯೇ. ಅದೇ ಕತ್ತಲೆ, ಅದೇ ಗಂಟುಗಳು. ಇಬ್ಬರೂ ಮೂಲೆ ಮೂಲೆ ನೋಡಿದೆವು. ಮಧ್ಯಾಹ್ನದೊಳಗೆ ಎಲ್ಲಾ ಹೊಳೆದಿತ್ತು. ಯಾವ ಅಲಮಾರಿ ಎಲ್ಲಿ, ಯಾವ ಟೇಬಲ್ ಯಾವ ಕಡೆ ಮುಖ, ಯಾವ ಊರು ಯಾವ ಖಾನೆ. ಒಬ್ಬರು ಅರ್ಧ ಮಾತು ಆಡಿದರೆ ಇನ್ನೊಬ್ಬರು ಮುಗಿಸುತ್ತಿದ್ದರು. ಡಬ್ಬಿಯಲ್ಲಿ ರೊಟ್ಟಿ ಜಾಸ್ತಿ ಇತ್ತು. ಕೂತು ಉಂಡೆವು. ಇಷ್ಟು ರುಚಿಯಾಗಿ ಉಂಡು ಎಷ್ಟು ದಿನವಾಗಿತ್ತೋ.

ಆಗ ಅಲ್ಲಿನ ಮೇಲ್ವಿಚಾರಕರು ಬಂದು ಮೆಲ್ಲಗೆ ಕೇಳಿದರು. "ಬಾಯಾರ, ನಿಮ್ಮಲ್ಲಿ ಹಿಂಗs ಜೋಡಿಸಿದ ಮ್ಯಾಲ ಒಂದು ಹುದ್ದೆ ಹೋತಂತ ಹೌದಲ್ರಿ? ಇಲ್ಲೂ ಒಂದು ಹೋಗೂದs ಮತ್ತ. ಇಲ್ಲಿ ಕಡೀಗೆ ಬಂದವರು ಇವರು, ವಿಶ್ವರಾಧ್ಯ. ಅತ್ತ ದೂರ ಗುರುಮಠಕಲ್ ಕಡೆ ಹಾಕ್ತಾರಂತ ಮಾತು ನಡದದ."

ಕೈಯಲ್ಲಿದ್ದ ರೊಟ್ಟಿ ಡಬ್ಬಿಗೆ ಇಟ್ಟೆ. ವಿಶ್ವರಾಧ್ಯ ಅವರನ್ನು ನೋಡಿದೆ. ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬೆಳಗಿನಿಂದ ನನ್ನ ಜೊತೆ ಖುಷಿಯಿಂದ ಖಾನೆ ಎಣಿಸುತ್ತಿದ್ದರು.

"ಯಾಕ ಹೇಳಲಿಲ್ಲರಿ?" ಎಂದೆ, ಮೇಲ್ವಿಚಾರಕರು ಹೋದ ಮೇಲೆ.

"ಹೇಳಿದ್ರ ನೀವು ಕೆಲಸ ಬಿಟ್ಟು ಹೊಳ್ಳಿ ಹೋಗ್ತಿದ್ರಿ. ಎರಡು ದಿನ ಕೂಡಿ ಕೆಲಸ ಮಾಡಿದ್ರ ಸಾಕಾಗಿತ್ತು ನನಗ."

ಇವತ್ತು ಗುರುವಾರ ನಾನು ಏನೂ ಜೋಡಿಸಲಿಲ್ಲ. ಬಿಚ್ಚಿದ ಬಸ್ತಾ ಮತ್ತೆ ಕಟ್ಟಿಸಿ ಎಲ್ಲಿದ್ದವೋ ಅಲ್ಲೇ ಒಟ್ಟಿಸಿದೆ. ಹೋಗುವ ಮುನ್ನ ಒಂದೇ ಒಂದು ಕೆಲಸ ಮಾಡಿದೆ. ಅವರ ಟೇಬಲ್ಲನ್ನು ಡ್ರಮ್ಮಿನ ಹತ್ತಿರದಿಂದ ಎಳೆಸಿ ಕಿಟಕಿಯ ಬಳಿ ಹಾಕಿಸಿದೆ. ವರದಿಯಲ್ಲಿ ಬರೆದೆ: "ಕೋಣೆ ಚಿಕ್ಕದಿರುವುದರಿಂದ ಮರುಜೋಡಣೆಯಿಂದ ಪ್ರಯೋಜನವಿಲ್ಲ. ಇಲ್ಲಿ ಯಾರೂ ಹೆಚ್ಚುವರಿ ಇಲ್ಲ." ಇಷ್ಟು ದೊಡ್ಡ ಸುಳ್ಳಿಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

ಬಸ್ ಸ್ಟ್ಯಾಂಡಿನವರೆಗೆ ಬಂದರು. "ಮತ್ತ ಬರ್ತೀರೇನು?" ಅಂದರು.

"ಏನ ಕೆಲಸದ ಮ್ಯಾಲ ಬರ್ಲಿ? ಇಲ್ಲಿ ಮಾಡೂದೇನೂ ಇಲ್ಲಂತ ನಾನs ಬರದು ಕೊಟ್ಟೀನಿ."

ಅವರು ಬೇರೆ ಏನಾದರೂ ಕಾರಣ ಹೇಳಲಿ ಎಂದು ಕಾದೆ. ನಾನು ಹೇಳಲಿ ಎಂದು ಅವರು ಕಾದಿರಬಹುದು. ಇಬ್ಬರೂ ಇಲಾಖೆಯ ಜನ, ಆದೇಶವಿಲ್ಲದೆ ಒಂದು ಹೆಜ್ಜೆ ಇಟ್ಟವರಲ್ಲ. ಕಂಡಕ್ಟರ್ ಶೀಟಿ ಹೊಡೆದ.

ನವೆಂಬರ್ 25, ಸೋಮವಾರ

ಸಾಹೇಬರು ವರದಿ ಓದಿ ಮುಖ ಸಿಂಡರಿಸಿದರು. "ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ. ಇನ್ನು ಮುಂದೆ ನೀವು ಬೇರೆ ಆಫೀಸಿಗೆ ಹೋಗೋದು ಬೇಡ," ಅಂದರು. ಆಗಲಿ ಸರ್ ಎಂದೆ. ಆಮೇಲೆ ಮೂವರು ರೈತರು ಬಂದರು, ಮೂವರ ಕಾಗದಗಳೂ ಕೂಡಲೇ ಸಿಕ್ಕವು. ಮಧ್ಯಾಹ್ನದ ಹೊತ್ತಿಗೆ ಕೆಲಸವೆಲ್ಲ ಮುಗಿದು ಕೈ ಖಾಲಿ ಕೂತೆ. ಸಂಜೆಯವರೆಗೆ ಹಾಗೇ ಕೂತೆ.

ಮನೆಗೆ ಬಂದು ಡಬ್ಬಿ ತೆಗೆದೆ. ಬೆಳಗ್ಗೆ ಕೈ ತಪ್ಪಿ ಎರಡು ರೊಟ್ಟಿ ಜಾಸ್ತಿ ಕಟ್ಟಿದ್ದೆ. ಅವು ಒಣಗಿ ಸೆಟೆದುಕೊಂಡಿದ್ದವು. ಅಷ್ಟೇ ಆದದ್ದು. ಒಲೆಯ ಮುಂದೆ ಕುಸಿದು ಕೂತು, ತಡೆಯಲಾರದೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಪರಿಮಳಾ ಟ್ಯೂಷನ್ನಿಗೆ ಹೋಗಿದ್ದಳು. ಅತ್ತೆ ಗೋಡೆ ಹಿಡಿದುಕೊಂಡು ಬಂದು, ನೋವಿನ ಸೊಂಟವನ್ನು ಬಗ್ಗಿಸಿ ನನ್ನ ಪಕ್ಕದಲ್ಲೇ ನೆಲಕ್ಕೆ ಕೂತರು. ನಾನು ಗಡಿಬಿಡಿಯಿಂದ ಕಣ್ಣು ಒರೆಸಿಕೊಂಡು, "ನಿಮ್ಮ ಮಗನ ನೆನಪಾತ್ರಿ ಅತ್ತಿ," ಎಂದೆ.

ಅತ್ತೆ ನನ್ನ ತಲೆ ಸವರಿದರು. "ರಾಮಲಿಂಗ ಹೋದಾಗ ನೀ ಅತ್ತದ್ದು ನಾ ಕೇಳೀನವ್ವಾ. ಇದು ಆ ಅಳು ಅಲ್ಲ."

ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಅವರ ಕೈ ಮಾತ್ರ ನನ್ನ ತಲೆಯ ಮೇಲೆಯೇ ಇತ್ತು.

"ಸತ್ತವರ ಸಲುವಾಗಿ ಅತ್ತರ ನಾಕ ಮಂದಿ ಬಂದು ಬಾಜೂಕ ಕುಂದ್ರತಾರ," ಅಂದರು ಅತ್ತೆ. "ಇದ್ದವರ ಸಲುವಾಗಿ ಅತ್ತರ ಯಾರೂ ಬರಂಗಿಲ್ಲ. ನಾ ಕುಂತೀನಿ. ಅಳು."